ಡೆಮಿಡೋವ್ ಎಷ್ಟು ಪಾಯಿಂಟ್ ಮಾಡ್ತಾನೆ? ಈ ಲೆಕ್ಕ ಎಲ್ಲಿ ಕೈಕೊಡುತ್ತದೆ

2024ರ ಜೂನ್ 28. ಲಾಸ್ ವೇಗಸ್‌ನ ಸ್ಫಿಯರ್ ಸಭಾಂಗಣದಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್ ನಡೆಯುತ್ತಿತ್ತು. ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ತಂಡಗಳು ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುವ ದಿನ ಅದು. ಐದನೇ ಸರದಿ ಮಾಂಟ್ರಿಯಲ್ ಕೆನೇಡಿಯನ್ಸ್‌ದು. ಹೆಸರು ಕೂಗಲು ಮೈಕ್ ಮುಂದೆ ಬಂದಿದ್ದು ಆ ಸೀಮೆಯವರೇ ಆದ ಗಾಯಕಿ ಸೆಲೀನ್ ಡಿಯೋನ್. ಅವರು ಕೂಗಿದ ಹೆಸರು ಇವಾನ್ ಡೆಮಿಡೋವ್. ರಷ್ಯಾದ ಸೆರ್ಗಿಯೆವ್ ಪೊಸಾದ್‌ನಲ್ಲಿ ಹುಟ್ಟಿದವನು, ಆಗ 18 ವರ್ಷ.

ಅಂದಿನಿಂದಲೇ ಮಾಂಟ್ರಿಯಲ್‌ನಲ್ಲಿ ಒಂದು ಲೆಕ್ಕ ಶುರುವಾಯಿತು. ರಷ್ಯಾದಲ್ಲಿ ಇಷ್ಟು ಮಾಡಿದ್ದಾನೆ, ಇಲ್ಲಿಗೆ ಬಂದರೆ ಎಷ್ಟು ಮಾಡ್ತಾನೆ? ಈ ಲೆಕ್ಕ ಹಾಕುವುದಕ್ಕೆ ಒಂದು ಸೂತ್ರವೂ ಇದೆ. ತೊಂದರೆ ಏನೆಂದರೆ, ಸೂತ್ರಕ್ಕೆ ಸಿಗುವುದು ಪಾಯಿಂಟ್ ಮಾತ್ರ. ಹುಡುಗನ ಭವಿಷ್ಯ ನಿಂತಿರುವುದು ಪಾಯಿಂಟ್ ಮೇಲಲ್ಲ, ಅವನಿಗೆ ಐಸ್ ಮೇಲೆ ಸಿಗುವ ನಿಮಿಷಗಳ ಮೇಲೆ. ಅದನ್ನು ಬಿಡಿಸಿ ನೋಡೋಣ.

ಮೊದಲು ಡ್ರಾಫ್ಟ್ ಬಗ್ಗೆ ಒಂದು ಮಾತು. ಡ್ರಾಫ್ಟ್‌ನಲ್ಲಿ ಆರಿಸಿದ ಮಾತ್ರಕ್ಕೆ ಆಟಗಾರ ತಂಡಕ್ಕೆ ಬಂದುಬಿಡುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿ ಅವನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಆ ಒಂದು ತಂಡಕ್ಕೆ ಮಾತ್ರ ಸಿಗುತ್ತದೆ, ಅಷ್ಟೇ. ಸ್ವೀಡನ್, ಫಿನ್ಲೆಂಡ್ ಥರದ ದೇಶಗಳ ಜೊತೆ ಎನ್‌ಎಚ್‌ಎಲ್‌ಗೆ ವರ್ಗಾವಣೆ ಒಪ್ಪಂದ ಇದೆ. ಇಷ್ಟು ದುಡ್ಡು ಕೊಟ್ಟರೆ ಹುಡುಗ ಬರಬಹುದು ಎಂಬ ನಿಯಮ ಅದು. ರಷ್ಯಾ ಜೊತೆ ಅಂಥ ಒಪ್ಪಂದ ಇಲ್ಲದೆ ಸುಮಾರು 20 ವರ್ಷ ಆಯಿತು. ಹಾಗಾಗಿ ರಷ್ಯಾದ ಕ್ಲಬ್ ಜೊತೆ ಒಪ್ಪಂದ ಇದ್ದರೆ ಅದು ಮುಗಿಯುವವರೆಗೆ ಕಾಯಬೇಕು. ಇಲ್ಲವೇ ಕ್ಲಬ್ ತಾನಾಗಿ ಬಿಟ್ಟುಕೊಡಬೇಕು. ಇದಕ್ಕೆ ಬದಲಾಗಿ ಎನ್‌ಎಚ್‌ಎಲ್ ತಂಡಕ್ಕೆ ಒಂದು ಅನುಕೂಲ ಇದೆ: ಉಳಿದವರ ಹಕ್ಕು ಕೆಲವು ವರ್ಷಕ್ಕೆ ಮುಗಿದುಹೋಗುತ್ತದೆ, ರಷ್ಯಾದಲ್ಲಿ ಆಡುತ್ತಿರುವವನ ಹಕ್ಕು ಹಾಗೆ ಮುಗಿಯುವುದಿಲ್ಲ.

ಕಿರಿಲ್ ಕಪ್ರಿಜೋವ್ ಕಥೆ ನೋಡಿ. ಮಿನಿಸೋಟಾ ತಂಡ ಅವನನ್ನು 2015ರಲ್ಲಿ 135ನೇ ಸರದಿಯಲ್ಲಿ ಆರಿಸಿತು. ಅವನು ಒಪ್ಪಂದಕ್ಕೆ ಸಹಿ ಹಾಕಿದ್ದು 2020ರಲ್ಲಿ. ಮೊದಲ ಪಂದ್ಯ ಆಡಿದ್ದು 2021ರ ಜನವರಿಯಲ್ಲಿ. ಆ ಪಂದ್ಯದ ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಹೊಡೆದ. ಆ ಸೀಸನ್ ಮುಗಿದಾಗ ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿಯೂ ಅವನಿಗೇ ಬಂತು. ಐದು ವರ್ಷ ಕಾದವರಿಗೆ ಬಡ್ಡಿ ಸಮೇತ ಸಿಕ್ಕಿತು. ಈಗ ರಷ್ಯಾದಿಂದ ಯಾವ ಹುಡುಗ ಹೊರಟರೂ ಅಭಿಮಾನಿಗಳ ಕಣ್ಣ ಮುಂದೆ ನಿಲ್ಲುವುದು ಈ ಕಪ್ರಿಜೋವನೇ.

ಆದರೆ ಕಾಯುವಾಗ ಭಯವೂ ಇರುತ್ತದೆ. ಅದು ಸುಮ್ನೆ ಹುಟ್ಟಿದ್ದಲ್ಲ. 2008ರಲ್ಲಿ ಕೆಎಚ್‌ಎಲ್ ಎಂಬ ಲೀಗ್ ರಷ್ಯಾದಲ್ಲಿ ಶುರುವಾದಾಗ, ಅಲೆಕ್ಸಾಂಡರ್ ರಾಡುಲೋವ್ ನ್ಯಾಶ್‌ವಿಲ್ ತಂಡದ ಜೊತೆ ಇನ್ನೂ ಒಂದು ವರ್ಷದ ಒಪ್ಪಂದ ಇಟ್ಟುಕೊಂಡೇ ಊರಿಗೆ ಹೊರಟುಹೋದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ರಷ್ಯಾದ ಕ್ಲಬ್‌ಗಳ ಜೊತೆ ವ್ಯವಹಾರ ನಿಲ್ಲಿಸಿ ಎಂದು ಎನ್‌ಎಚ್‌ಎಲ್ ತನ್ನ ತಂಡಗಳಿಗೆ ಹೇಳಿತು. ಅದೇ ವರ್ಷ ಫಿಲಡೆಲ್ಫಿಯಾ ಜೊತೆ ಸಹಿ ಹಾಕಿದ್ದ ಗೋಲ್‌ಕೀಪರ್ ಇವಾನ್ ಫೆಡೋಟೋವ್‌ನನ್ನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹಿಡಿದು ಸೇನಾ ಸೇವೆಗೆ ಕಳಿಸಿದರು. ಅವನು ಫಿಲಡೆಲ್ಫಿಯಾ ಮುಟ್ಟಿದ್ದು 2024ರ ಮಾರ್ಚ್‌ನಲ್ಲಿ.

ಈ ಭಯದ ಬೆಲೆ ತೆತ್ತವನು ಮತ್ವೆಯ್ ಮಿಚ್ಕೋವ್. 2023ರ ಡ್ರಾಫ್ಟ್‌ನಲ್ಲಿ ಪ್ರತಿಭೆಯಲ್ಲಿ ಕಾನರ್ ಬೆಡಾರ್ಡ್ ನಂತರ ಇವನೇ ಎನ್ನುವವರು ಬಹಳ ಜನ ಇದ್ದರು. ಆದರೆ ಅವನ ಒಪ್ಪಂದ ಸೇಂಟ್ ಪೀಟರ್ಸ್‌ಬರ್ಗ್‌ನ ಎಸ್‌ಕೆಎ ಕ್ಲಬ್ ಜೊತೆ 2026ರವರೆಗೆ ಇತ್ತು. ಐದನೇ ಸರದಿಯಲ್ಲಿ ಮಾಂಟ್ರಿಯಲ್ ಅವನನ್ನು ಬಿಟ್ಟು ಆಸ್ಟ್ರಿಯಾದ ಡಿಫೆನ್ಸ್ ಆಟಗಾರ ಡೇವಿಡ್ ರೈನ್‌ಬಾಕರ್‌ನನ್ನು ಆರಿಸಿತು. ಏಳನೆಯದಾಗಿ ಫಿಲಡೆಲ್ಫಿಯಾ ಮಿಚ್ಕೋವ್‌ನನ್ನು ಎತ್ತಿಕೊಂಡಿತು. ಮಾಂಟ್ರಿಯಲ್ ಅಭಿಮಾನಿಗಳಲ್ಲಿ ಕೆಲವರ ಸಿಟ್ಟು ಪಾಪ ರೈನ್‌ಬಾಕರ್ ಮೇಲೆ ತಿರುಗಿತು. ಆನ್‌ಲೈನ್‌ನಲ್ಲಿ ಅವನಿಗೆ ಬೈಗುಳದ ಸುರಿಮಳೆ. ಆರಿಸಿದ್ದು ತಂಡ, ಬೈಸಿಕೊಂಡಿದ್ದು ಹದಿನೆಂಟರ ಹುಡುಗ. ಮುಂದೆ 2024ರಲ್ಲಿ ಎಸ್‌ಕೆಎ ಎರಡು ವರ್ಷ ಮೊದಲೇ ಮಿಚ್ಕೋವ್‌ನನ್ನು ಬಿಟ್ಟುಕೊಟ್ಟಾಗ ಆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಇಷ್ಟು ಹೇಳಿದ್ದು ಯಾಕೆಂದರೆ, ಡೆಮಿಡೋವ್ ಮೇಲೆ ಬಿದ್ದ ನಿರೀಕ್ಷೆ ಬರೀ ಡೆಮಿಡೋವ್‌ನದ್ದಲ್ಲ. ಅದರಲ್ಲಿ ಅರ್ಧ ಮಿಚ್ಕೋವ್‌ನದು. ಕೈ ತಪ್ಪಿದ ರಷ್ಯನ್ ಹುಡುಗನ ಜಾಗಕ್ಕೆ, ಮರುವರ್ಷ ಅದೇ ಐದನೇ ಸರದಿಯಲ್ಲಿ ಇನ್ನೊಬ್ಬ ಸಿಕ್ಕ. ಜೊತೆಗೆ ಅದು ಮಾಂಟ್ರಿಯಲ್ ಬೇರೆ. ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ಪನ್ನು 24 ಸಲ ಗೆದ್ದ ತಂಡ, ಕೊನೆಯದು 1993ರಲ್ಲಿ. ಆಮೇಲೆ ಕೆನಡಾದ ಯಾವ ತಂಡವೂ ಕಪ್ ಎತ್ತಿಲ್ಲ. ಇಪ್ಪತ್ತೊಂದು ಸಾವಿರ ಜನ ಕೂರುವ ಬೆಲ್ ಸೆಂಟರ್‌ಗೆ ಬರುವವರಲ್ಲಿ ಎಷ್ಟೋ ಹುಡುಗರು ತಮ್ಮ ತಂಡ ಗೆದ್ದಿದ್ದನ್ನು ವಿಡಿಯೋದಲ್ಲಿ ಮಾತ್ರ ನೋಡಿದವರು.

ಸೂತ್ರ ಏನು ಹೇಳುತ್ತದೆ

ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೆ ಒಂದು ಪಾಯಿಂಟ್. ಅದಕ್ಕೆ ಮುಂಚೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಮುಟ್ಟಿ ಕೊಟ್ಟ ಇಬ್ಬರವರೆಗೆ ಅಸಿಸ್ಟ್ ಲೆಕ್ಕದಲ್ಲಿ ತಲಾ ಒಂದು ಪಾಯಿಂಟ್. ಒಂದು ಲೀಗಿನ ಪಾಯಿಂಟನ್ನು ಇನ್ನೊಂದು ಲೀಗಿಗೆ ಬದಲಾಯಿಸಲು ಅಂಕಿಅಂಶದವರು ಒಂದು ದರ ಇಟ್ಟುಕೊಂಡಿದ್ದಾರೆ. ಹಿಂದೆ ಲೀಗ್ ಬದಲಿಸಿದವರೆಲ್ಲರ ಸರಾಸರಿ ನೋಡಿ ತೆಗೆದ ದರ ಅದು. ರಣಜಿಯಲ್ಲಿ ಸಾವಿರ ರನ್ ಹೊಡೆದವನು ಟೆಸ್ಟ್‌ನಲ್ಲಿ ಎಷ್ಟು ಹೊಡೆದಾನು ಎಂದು ನಾವು ಅಂದಾಜು ಮಾಡುತ್ತೇವಲ್ಲ, ಅದನ್ನೇ ಇವರು ದಶಮಾಂಶ ಹಾಕಿ ಮಾಡುತ್ತಾರೆ. ಲೆಕ್ಕ ಹಾಕುವವರು ಬೇರೆಯಾದರೆ ದರವೂ ಸ್ವಲ್ಪ ಬೇರೆಯಾಗುತ್ತದೆ. ಕೆಎಚ್‌ಎಲ್‌ಗೆ ಸುಮಾರು ಮುಕ್ಕಾಲು ಎಂದು ಇಟ್ಟುಕೊಳ್ಳೋಣ. ಅಂದರೆ ಅಲ್ಲಿ ಒಂದು ಪಾಯಿಂಟ್ ಇಲ್ಲಿ 0.75.

ಡೆಮಿಡೋವ್ 2024–25ರಲ್ಲಿ ಎಸ್‌ಕೆಎಗೆ 65 ಪಂದ್ಯ ಆಡಿದ. 19 ಗೋಲು, 30 ಅಸಿಸ್ಟ್, ಒಟ್ಟು 49 ಪಾಯಿಂಟ್. ಕೆಎಚ್‌ಎಲ್ ಇತಿಹಾಸದಲ್ಲಿ 20ರ ಒಳಗಿನ ಹುಡುಗನೊಬ್ಬ ಒಂದು ಸೀಸನ್‌ನಲ್ಲಿ ಅಷ್ಟು ಮಾಡಿರಲಿಲ್ಲ. ಪಂದ್ಯಕ್ಕೆ ಮುಕ್ಕಾಲು ಪಾಯಿಂಟ್ ಆಯಿತು. ಎನ್‌ಎಚ್‌ಎಲ್ ಸೀಸನ್‌ನ 82 ಪಂದ್ಯಕ್ಕೆ ಹಿಗ್ಗಿಸಿದರೆ 62. ಅದರ ಮುಕ್ಕಾಲು ಭಾಗ ಅಂದರೆ 46ರ ಆಸುಪಾಸು. ಹೊಸ ಹುಡುಗನಿಗೆ ಇದು ಚೆನ್ನಾಗಿಯೇ ಇದೆ, ಆದರೆ ಬೆಲ್ ಸೆಂಟರ್ ಎದ್ದು ನಿಲ್ಲುವಂಥದ್ದೇನಲ್ಲ.

ಅದರ ಹಿಂದಿನ ವರ್ಷದ ಲೆಕ್ಕ ಇನ್ನೂ ಮಜಾ ಇದೆ. 2023–24ರಲ್ಲಿ ಅವನು ಆಡಿದ್ದು ರಷ್ಯಾದ ಜೂನಿಯರ್ ಲೀಗ್‌ನಲ್ಲಿ. 30 ಪಂದ್ಯ, 60 ಪಾಯಿಂಟ್. ಪಂದ್ಯಕ್ಕೆ ಎರಡು! ಇದನ್ನು ದರ ಹಾಕದೆ ಹಾಗೇ 82 ಪಂದ್ಯಕ್ಕೆ ಎಳೆದರೆ 164 ಆಗುತ್ತದೆ. ಎನ್‌ಎಚ್‌ಎಲ್‌ನಲ್ಲಿ ಅಷ್ಟು ಮುಟ್ಟಿದವರು ವೇನ್ ಗ್ರೆಟ್ಸ್ಕಿ ಮತ್ತು ಮಾರಿಯೋ ಲೆಮ್ಯೂ ಇಬ್ಬರೇ. ಯಾರೂ ಬಾಯಿಬಿಟ್ಟು 164 ಅನ್ನಲಿಲ್ಲ, ನಿಜ. ಆದರೆ ಮೊಬೈಲ್‌ನಲ್ಲಿ ಇಪ್ಪತ್ತು ಸೆಕೆಂಡಿನ ತುಣುಕು ನೋಡಿ ನೋಡಿ ಮನಸ್ಸಿನಲ್ಲಿ ಕೂತಿದ್ದು ಆ ಪಂದ್ಯಕ್ಕೆರಡರ ಹುಡುಗನೇ. ಮಾಸ್ಕೋ ಸಮಯ ಸಂಜೆ ಏಳು ಅಂದರೆ ಚಳಿಗಾಲದಲ್ಲಿ ಮಾಂಟ್ರಿಯಲ್‌ನಲ್ಲಿ ಬೆಳಗ್ಗೆ ಹನ್ನೊಂದು. ಎಲ್ಲರೂ ಆಫೀಸಿನಲ್ಲಿರುವ ಹೊತ್ತು. ಇಡೀ ಪಂದ್ಯ ಕೂತು ನೋಡುವವರು ಕಡಿಮೆ. ತುಣುಕಿನಲ್ಲಿ ಸಿಗುವುದು ಗೋಲು. ಪಕ್ ಕಳೆದುಕೊಂಡು ಹಿಂದಕ್ಕೆ ಓಡಿದ್ದು, ಬೆಂಚ್ ಮೇಲೆ ಕೂತಿದ್ದು ತುಣುಕಿನಲ್ಲಿ ಬರುವುದಿಲ್ಲ.

ಈಗ ಸೂತ್ರವನ್ನು ಹಳಬರ ಮೇಲೆ ಹಾಕಿ ನೋಡೋಣ. ಕೆಎಚ್‌ಎಲ್‌ನ ಕೊನೆಯ ವರ್ಷ ಕಪ್ರಿಜೋವ್ 57 ಪಂದ್ಯದಲ್ಲಿ 62 ಪಾಯಿಂಟ್ ಮಾಡಿದ್ದ. ಸೂತ್ರದ ಪ್ರಕಾರ ಎನ್‌ಎಚ್‌ಎಲ್‌ನಲ್ಲಿ ಪಂದ್ಯಕ್ಕೆ 0.82 ಬರಬೇಕು. ಬಂದದ್ದು 55 ಪಂದ್ಯದಲ್ಲಿ 51, ಅಂದರೆ 0.93. ಅರ್ತೆಮಿ ಪನಾರಿನ್ 54 ಪಂದ್ಯದಲ್ಲಿ 62 ಮಾಡಿ 2015ರಲ್ಲಿ ಶಿಕಾಗೋಗೆ ಬಂದ, ಮೊದಲ ವರ್ಷ 80 ಪಂದ್ಯದಲ್ಲಿ 77 ಮಾಡಿದ. ಅದೂ ಸೂತ್ರಕ್ಕಿಂತ ಜಾಸ್ತಿ. ಮಿಚ್ಕೋವ್ ಕೂಡ ಅಷ್ಟೇ. ಸೂತ್ರ ಐವತ್ತರ ಚಿಲ್ಲರೆ ಎಂದಿತ್ತು, 80 ಪಂದ್ಯದಲ್ಲಿ 26 ಗೋಲು ಸೇರಿ 63 ಪಾಯಿಂಟ್ ಬಂತು.

ಹಾಗಾದರೆ ಸೂತ್ರ ಹೇಳಿದ್ದಕ್ಕಿಂತ ಜಾಸ್ತಿಯೇ ಬರುತ್ತದೆ ಅಂತೀರಾ? ತಾಳಿ. ವಾದಿಮ್ ಶಿಪಚ್ಯೋವ್ 2016–17ರಲ್ಲಿ ಎಸ್‌ಕೆಎ ಪರ 50 ಪಂದ್ಯದಲ್ಲಿ 76 ಪಾಯಿಂಟ್ ಮಾಡಿದ್ದ. ಆಗಷ್ಟೇ ಹುಟ್ಟಿದ್ದ ವೇಗಸ್ ತಂಡ ಅವನಿಗೆ ಎರಡು ವರ್ಷಕ್ಕೆ 90 ಲಕ್ಷ ಡಾಲರ್ ಕೊಟ್ಟು ಕರೆಸಿತು. ಅವನು ಆಡಿದ್ದು ಮೂರು ಪಂದ್ಯ, ಹೊಡೆದದ್ದು ಒಂದು ಗೋಲು. ಆ ವರ್ಷವೇ ಗಂಟುಮೂಟೆ ಕಟ್ಟಿ ಎಸ್‌ಕೆಎಗೆ ವಾಪಸ್. ಅದೇ ಎಸ್‌ಕೆಎಯ ನಿಕಿತಾ ಗುಸೆವ್ 62 ಪಂದ್ಯದಲ್ಲಿ 82 ಮಾಡಿ 2019ರಲ್ಲಿ ನ್ಯೂಜೆರ್ಸಿಗೆ ಬಂದ. ಸೂತ್ರ ಹೇಳಿದ್ದು ಪಂದ್ಯಕ್ಕೆ ಹತ್ತಿರ ಹತ್ತಿರ ಒಂದು ಪಾಯಿಂಟ್. ಬಂದಿದ್ದು 66 ಪಂದ್ಯಕ್ಕೆ 44. ಎರಡನೇ ವರ್ಷ ಮುಗಿದಾಗ ಅವನೂ ರಷ್ಯಾ ಬಸ್ ಹತ್ತಿದ.

ಪಾಯಿಂಟ್ ಪಟ್ಟಿಯಲ್ಲಿ ಶಿಪಚ್ಯೋವ್, ಗುಸೆವ್ ಇಬ್ಬರೂ ಪನಾರಿನ್‌ಗಿಂತ ಮೇಲಿದ್ದವರು. ಪಾಯಿಂಟ್ ಒಂದೇ ನೋಡಿದರೆ ಈ ವ್ಯತ್ಯಾಸ ಅರ್ಥವೇ ಆಗುವುದಿಲ್ಲ.

ನಿಮಿಷ ಯಾರ ಕೈಯಲ್ಲಿದೆ

ಒಂದು ಹಾಕಿ ಪಂದ್ಯ 60 ನಿಮಿಷ. ಎನ್‌ಎಚ್‌ಎಲ್ ತಂಡ 12 ಫಾರ್ವರ್ಡ್‌ಗಳನ್ನು ಮೂವರಂತೆ ನಾಲ್ಕು ಲೈನ್ ಮಾಡಿ ಇಳಿಸುತ್ತದೆ. ಒಂದು ಲೈನ್ ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡಿ ಬೆಂಚಿಗೆ ಬರುತ್ತದೆ, ಇನ್ನೊಂದು ಜಿಗಿಯುತ್ತದೆ. ಮೊದಲ ಲೈನಿನವರಿಗೆ ಎಲ್ಲ ಸೇರಿ 18–20 ನಿಮಿಷ ಸಿಕ್ಕರೆ, ನಾಲ್ಕನೇ ಲೈನಿನವರಿಗೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಇದರ ಮೇಲೆ ಪವರ್ ಪ್ಲೇ. ಎದುರಾಳಿಯೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಾಗ ಐವರು ನಾಲ್ವರ ವಿರುದ್ಧ ಆಡುತ್ತಾರೆ. ಪಾಯಿಂಟ್ ಸುಲಭವಾಗಿ ಸಿಗುವ ಜಾಗ ಅದೇ. ಆ ಐವರಲ್ಲಿ ನೀವು ಇದ್ದೀರೋ ಇಲ್ಲವೋ ಎಂಬುದು ಕೋಚ್ ಕೈಯಲ್ಲಿದೆ.

ಗುಸೆವ್, ಶಿಪಚ್ಯೋವ್ ಎಸ್‌ಕೆಎಯಲ್ಲಿ ದೊಡ್ಡ ಹೆಸರುಗಳು. ಲೀಗಿನ ಅತಿ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದು, ಹಿಂದೆ ಗ್ಯಾಸ್‌ಪ್ರೋಮ್ ದುಡ್ಡು, ಪಕ್ಕದಲ್ಲಿ ಘಟಾನುಘಟಿಗಳು, ಪವರ್ ಪ್ಲೇಯಲ್ಲಿ ಕಾಯಂ ಸ್ಥಾನ. ಅವರ ಪಾಯಿಂಟ್ ಅಷ್ಟೂ ಅನುಕೂಲ ಸಿಕ್ಕಾಗ ಬಂದದ್ದು. ಅಮೆರಿಕದಲ್ಲಿ ಆ ಅನುಕೂಲ ಸಿಗಲಿಲ್ಲ. ಪನಾರಿನ್‌ಗೆ ಶಿಕಾಗೋದಲ್ಲಿ ಸಿಕ್ಕಿತು. ಒಂದು ಕಡೆ ಪ್ಯಾಟ್ರಿಕ್ ಕೇನ್, ಆ ವರ್ಷ 106 ಪಾಯಿಂಟ್ ಮಾಡಿ ಲೀಗಿನ ಅತ್ಯುತ್ತಮ ಆಟಗಾರನಾದವನು. ನಡುವೆ ಅರ್ತ್ಯೋಮ್ ಅನಿಸಿಮೋವ್, ರಷ್ಯನ್ ಮಾತಾಡುವವನು. ಇಂಗ್ಲಿಷ್ ಬಾರದ ಹುಡುಗನಿಗೆ ಬೆಂಚ್ ಮೇಲೆ ಪಕ್ಕದಲ್ಲೇ ತನ್ನ ಭಾಷೆಯವನು ಕೂತಿದ್ದರೆ ಎಷ್ಟು ಧೈರ್ಯ ಅಲ್ವಾ? ಇದು ಯಾವ ಸೂತ್ರದಲ್ಲೂ ಇಲ್ಲ.

ಡೆಮಿಡೋವ್ ಕಥೆ ಇದಕ್ಕೆ ಉಲ್ಟಾ. ಅವನೂ ಎಸ್‌ಕೆಎಯವನೇ, ಆದರೆ ಅಲ್ಲಿ ಅವನಿಗೆ ರಾಜಯೋಗ ಇರಲಿಲ್ಲ. ಕೆಎಚ್‌ಎಲ್‌ನಲ್ಲಿ ಎನ್‌ಎಚ್‌ಎಲ್‌ಗಿಂತ ಇಬ್ಬರು ಆಟಗಾರರನ್ನು ಜಾಸ್ತಿ ಇಳಿಸಬಹುದು. ಹಾಗಾಗಿ 13ನೇ ಫಾರ್ವರ್ಡ್ ಎಂಬ ಒಂದು ವಿಚಿತ್ರ ಸ್ಥಾನ ಇದೆ. ಜೆರ್ಸಿ ಹಾಕಿಕೊಂಡು ಬೆಂಚ್ ಮೇಲೆ ಕೂರುತ್ತಾನೆ. ಯಾವಾಗಲಾದರೊಮ್ಮೆ ಒಂದೆರಡು ಸಲ ಐಸ್ ಮೇಲೆ ಹೋಗಿ ಬರುತ್ತಾನೆ. ಲೆಕ್ಕದಲ್ಲಿ ಮಾತ್ರ ಅದು ಪೂರ್ತಿ ಒಂದು ಪಂದ್ಯ. ಕೋಚ್ ರೋಮನ್ ರೋಟೆನ್‌ಬರ್ಗ್ ಡೆಮಿಡೋವ್‌ನನ್ನು ಎಷ್ಟೋ ಸಲ ಹೀಗೆ ಕೂರಿಸಿದರು. ಪಂದ್ಯ ಮುಗಿದ ಮೇಲೆ ಮಾಂಟ್ರಿಯಲ್‌ನಲ್ಲಿ ಜನ ಡೆಮಿಡೋವ್‌ನ ಗೋಲು ನೋಡುತ್ತಿರಲಿಲ್ಲ, ನಿಮಿಷ ನೋಡುತ್ತಿದ್ದರು. ರೋಟೆನ್‌ಬರ್ಗ್ ಹೆಸರು ಆ ವರ್ಷ ಅಲ್ಲಿ ಮನೆಮಾತಾಯಿತು, ಒಳ್ಳೆಯ ಅರ್ಥದಲ್ಲಿ ಅಲ್ಲ ಅಷ್ಟೇ.

ನನ್ನ ಪ್ರಕಾರ ಆ 49ರ ನಿಜವಾದ ತೂಕ ಇರುವುದು ಇಲ್ಲಿ. 65 ಪಂದ್ಯ ಎಂದು ಭಾಗಿಸಿದರೆ ಹುಡುಗ ಸಾಧಾರಣವಾಗಿ ಕಾಣುತ್ತಾನೆ. ಐಸ್ ಮೇಲಿದ್ದ ನಿಮಿಷಗಳಿಂದ ಭಾಗಿಸಿದರೆ ಚಿತ್ರವೇ ಬೇರೆ. ಮಾಂಟ್ರಿಯಲ್ ಅಭಿಮಾನಿಗಳ ಆಸೆ ತಲೆಗೇರಿದ್ದು ನಿಜ, ಆದರೆ ಈ ಒಂದು ವಿಷಯದಲ್ಲಿ ಅವರು ಸೂತ್ರಕ್ಕಿಂತ ಜಾಣರಾಗಿದ್ದರು.

ನಿಮಿಷ ಜಾಸ್ತಿ ಸಿಗಬೇಕಾದರೆ ಕೋಚ್‌ಗೆ ನಂಬಿಕೆ ಬರಬೇಕು. ಎನ್‌ಎಚ್‌ಎಲ್ ಕೋಚ್‌ಗಳು ನಂಬಿಕೆ ಇಡುವುದು ಗೋಲು ನೋಡಿ ಅಲ್ಲ. ಪಕ್ ಕೈಬಿಟ್ಟಾಗ ಎಷ್ಟು ಬೇಗ ಹಿಂದಕ್ಕೆ ತಿರುಗುತ್ತಾನೆ, ತನ್ನ ಗೋಲಿನ ಹತ್ತಿರ ಸಿಕ್ಕಿಹಾಕಿಕೊಂಡಾಗ ಆಟ ತೋರಿಸಲು ಹೋಗದೆ ಪಕ್ಕನ್ನು ಹೊರಗೆ ತಳ್ಳುತ್ತಾನಾ, ಇಂಥದ್ದು ನೋಡಿ. ಮಿಚ್ಕೋವ್‌ನನ್ನೂ 2024ರ ನವೆಂಬರ್‌ನಲ್ಲಿ ಕೋಚ್ ಜಾನ್ ಟೋರ್ಟೊರೆಲ್ಲಾ ಎರಡು ಪಂದ್ಯ ಹೊರಗೆ ಕೂರಿಸಿದರು. ಗಾಯ ಇಲ್ಲ, ಏನೂ ಇಲ್ಲ, ಮೇಲೆ ಕೂತು ನೋಡು ಅಂತ. ಫಿಲಡೆಲ್ಫಿಯಾದಲ್ಲಿ ಗಲಾಟೆಯಾಯಿತು. ಆದರೂ ಅದೇ ವರ್ಷ ಅವನು 63 ಮಾಡಿದ. ಮುಂದಿನ ಮಾರ್ಚ್‌ನಲ್ಲಿ ಮನೆಗೆ ಹೋಗಿದ್ದು ಟೋರ್ಟೊರೆಲ್ಲಾ. ಎರಡು ಪಂದ್ಯ ಬೆಂಚಿಗೆ ಬಿದ್ದರೆ ಹುಡುಗನ ಕಥೆ ಮುಗಿಯಿತು ಎಂದು ಬೊಬ್ಬೆ ಹಾಕುವವರು ಈ ವರ್ಷವನ್ನು ನೆನಪಿಟ್ಟುಕೊಳ್ಳಬಹುದು.

ರಿಂಕ್ ಅಳತೆಯ ವಿಷಯವನ್ನು ಎಲ್ಲರೂ ಹೇಳುತ್ತಾರೆ, ಚುಟುಕಾಗಿ ನಾನೂ ಹೇಳುತ್ತೇನೆ. ಎನ್‌ಎಚ್‌ಎಲ್ ರಿಂಕ್ 61 ಮೀಟರ್ ಉದ್ದ, 26 ಮೀಟರ್ ಅಗಲ. ಅಂತರರಾಷ್ಟ್ರೀಯ ದೊಡ್ಡ ರಿಂಕ್ 30 ಮೀಟರ್ ಅಗಲ. ಕೆಎಚ್‌ಎಲ್‌ನಲ್ಲಿ ಎಲ್ಲ ಊರಿನ ರಿಂಕೂ ಒಂದೇ ಅಗಲ ಇಲ್ಲ. ಜಾಗ ಕಿರಿದಾದಾಗ ಯೋಚಿಸಲು ಸಮಯ ಕಡಿಮೆ, ಮೈಮೇಲೆ ಬೀಳುವವರು ಬೇಗ ಬರುತ್ತಾರೆ. ಇದೊಂದು ಕಷ್ಟ ಹೌದು. ಆದರೆ ಡೆಮಿಡೋವ್ ಥರ ಇಬ್ಬರ ನಡುವಿನ ಸಂದಿಯಲ್ಲಿ ಪಕ್ ಆಡಿಸುವವರಿಗೆ ಇದು ಅಷ್ಟು ದೊಡ್ಡ ಅಡ್ಡಿ ಅನ್ನಿಸುವುದಿಲ್ಲ. ಅಗಲದಲ್ಲಿ ವೇಗವಾಗಿ ಸುತ್ತಿಕೊಂಡು ಬರುವವರಿಗೇ ತೊಂದರೆ ಜಾಸ್ತಿ.

ವಯಸ್ಸಿನ ವಿಷಯ ಇದಕ್ಕಿಂತ ಮುಖ್ಯ. ಪನಾರಿನ್ ಮೊದಲ ಪಂದ್ಯ ಆಡುವಾಗ 23 ದಾಟಿದ್ದ, ಕಪ್ರಿಜೋವ್ ಕೂಡ ಅಷ್ಟೇ. ದೊಡ್ಡವರ ಲೀಗಿನಲ್ಲಿ ವರ್ಷಗಟ್ಟಲೆ ಪಳಗಿ ಬಂದವರು. 18–19ಕ್ಕೇ ಬಂದವರಲ್ಲಿ ಎಡವಿದವರೂ ಇದ್ದಾರೆ. ನಿಕಿತಾ ಫಿಲಾಟೋವ್‌ನನ್ನು ಕೊಲಂಬಸ್ 2008ರಲ್ಲಿ ಆರನೆಯವನಾಗಿ ಆರಿಸಿತು. ಎನ್‌ಎಚ್‌ಎಲ್‌ನಲ್ಲಿ ಅವನು ಒಟ್ಟು ಆಡಿದ್ದು 53 ಪಂದ್ಯ, ಆರು ಗೋಲು. ಡೆಮಿಡೋವ್ 19ಕ್ಕೆ ಬಂದವನು. ಕಪ್ರಿಜೋವ್‌ನ ಮೊದಲ ವರ್ಷವನ್ನು ಇವನ ಮೊದಲ ವರ್ಷದ ಪಕ್ಕ ಇಟ್ಟು ನೋಡುವುದು ಅನ್ಯಾಯ. ನೋಡುವುದಾದರೆ ಇವನ ನಾಲ್ಕನೇ ವರ್ಷವನ್ನು ಇಡಬೇಕು.

ಎರಡು ಪಂದ್ಯದ ಬೆಲೆ

2025ರ ಏಪ್ರಿಲ್‌ನಲ್ಲಿ ಎಸ್‌ಕೆಎ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತಿತು. ಒಪ್ಪಂದ ರದ್ದಾಯಿತು, ಡೆಮಿಡೋವ್ ಮಾಂಟ್ರಿಯಲ್ ಜೊತೆ ಮೂರು ವರ್ಷಕ್ಕೆ ಸಹಿ ಹಾಕಿದ. ಏಪ್ರಿಲ್ 14ರಂದು ಬೆಲ್ ಸೆಂಟರ್‌ನಲ್ಲಿ ಶಿಕಾಗೋ ವಿರುದ್ಧ ಮೊದಲ ಪಂದ್ಯ, ಬೆನ್ನ ಮೇಲೆ ಜೆರ್ಸಿ ನಂಬರ್ 93. ಮೊದಲ ಪಿರಿಯಡ್ ಮುಗಿಯುವಷ್ಟರಲ್ಲಿ ಒಂದು ಅಸಿಸ್ಟ್, ಒಂದು ಗೋಲು ಎರಡೂ ಆಗಿತ್ತು. ಪಂದ್ಯವನ್ನು ಮಾಂಟ್ರಿಯಲ್ ಶೂಟೌಟ್‌ನಲ್ಲಿ 4–3ರಿಂದ ಸೋತಿತು. ಆದರೆ ಆವತ್ತು ಮನೆಗೆ ಹೋದವರಲ್ಲಿ ಸೋಲಿನ ಮಾತು ಆಡಿದವರು ಕಡಿಮೆ ಇರಬೇಕು. ಎರಡು ದಿನ ಕಳೆದು ಕೆರೊಲಿನಾವನ್ನು ಸೋಲಿಸಿ ತಂಡ ಪ್ಲೇಆಫ್‌ಗೆ ಹೋಯಿತು, ಅಲ್ಲಿ ವಾಷಿಂಗ್ಟನ್‌ಗೆ ಐದು ಪಂದ್ಯದಲ್ಲಿ ಸೋತಿತು.

ಇದರ ಹಿಂದೆ ಇನ್ನೊಂದು ಲೆಕ್ಕ ಇದೆ. ಹುಡುಗರ ಮೊದಲ ಒಪ್ಪಂದಕ್ಕೆ ಎನ್‌ಎಚ್‌ಎಲ್‌ನಲ್ಲಿ ಮಿತಿ ಇದೆ. 2024ರಲ್ಲಿ ಆಯ್ಕೆಯಾದವರಿಗೆ, ಬೋನಸ್ ಬಿಟ್ಟರೆ, ವರ್ಷಕ್ಕೆ ಹೆಚ್ಚೆಂದರೆ 9,75,000 ಡಾಲರ್. ಆಟಗಾರ ಎಷ್ಟೇ ಚೆನ್ನಾಗಿ ಆಡಲಿ, ಮೂರು ವರ್ಷ ಅಗ್ಗಕ್ಕೆ ಸಿಗುತ್ತಾನೆ. ತಂಡಗಳಿಗೆ ಸಂಬಳದ ಮೇಲೆ ಒಟ್ಟು ಮಿತಿ ಇರುವುದರಿಂದ ಈ ಮೂರು ವರ್ಷ ಚಿನ್ನದಂಥವು. ಡೆಮಿಡೋವ್‌ನ ಒಪ್ಪಂದ ಶುರುವಾದದ್ದು 2024–25ರ ಸೀಸನ್‌ನಿಂದ. ಆ ಸೀಸನ್‌ನಲ್ಲಿ ಉಳಿದಿದ್ದು ಎರಡು ಲೀಗ್ ಪಂದ್ಯ ಮತ್ತು ಪ್ಲೇಆಫ್. ಅಷ್ಟಕ್ಕೇ ಮೂರರಲ್ಲಿ ಒಂದು ವರ್ಷ ಖರ್ಚಾಯಿತು. ಹುಡುಗನಿಗೆ ಇದು ಲಾಭ, ದೊಡ್ಡ ಸಂಬಳ ಒಂದು ವರ್ಷ ಹತ್ತಿರ ಬಂತು. ಬೇಗ ಬಾ ಎಂದು ಕರೆಯಲು ತಂಡದ ಕೈಯಲ್ಲಿದ್ದ ಒಳ್ಳೆಯ ಆಮಿಷವೂ ಇದೇ. ಅಭಿಮಾನಿಗಳಿಗೆ ಬೇಕಾಗಿದ್ದೂ ಅದೇ, ಈಗಲೇ ನೋಡಬೇಕು.

ಆ ಒಪ್ಪಂದ 2026–27ರ ಸೀಸನ್‌ವರೆಗೆ. ಒಬ್ಬ ರಷ್ಯನ್ ಹುಡುಗ ನಿರೀಕ್ಷೆಯನ್ನು ಪೂರ್ತಿ ಉಳಿಸಿಕೊಂಡರೆ ಬಿಲ್ ಎಷ್ಟಾಗುತ್ತದೆ ಎಂಬುದಕ್ಕೆ ಕಪ್ರಿಜೋವ್‌ನೇ ಉದಾಹರಣೆ. 2025ರ ಸೆಪ್ಟೆಂಬರ್‌ನಲ್ಲಿ ಮಿನಿಸೋಟಾ ಅವನಿಗೆ ಎಂಟು ವರ್ಷಕ್ಕೆ 13.6 ಕೋಟಿ ಡಾಲರ್ ಬರೆದುಕೊಟ್ಟಿತು. ಅಲ್ಲಿಯವರೆಗಿನ ಎನ್‌ಎಚ್‌ಎಲ್ ಇತಿಹಾಸದಲ್ಲೇ ಅಷ್ಟು ದೊಡ್ಡ ಒಪ್ಪಂದ ಇರಲಿಲ್ಲ. ಡೆಮಿಡೋವ್ ಚೆನ್ನಾಗಿ ಆಡಿದಷ್ಟೂ ಮಾಂಟ್ರಿಯಲ್ ಮ್ಯಾನೇಜರ್ ಕೆಂಟ್ ಹ್ಯೂಸ್‌ಗೆ ಆ ಏಪ್ರಿಲ್‌ನ ಎರಡು ಪಂದ್ಯ ದುಬಾರಿಯಾಗುತ್ತಾ ಹೋಗುತ್ತವೆ.